ಮಹಬೂಬಸಾಬರು ಅಳೆದ ಕಾಲು

ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಳ್ಳುವ ನಾವು ಕಾಲನ್ನು ನೋಡುವುದು ಮುಳ್ಳು ಚುಚ್ಚಿದಾಗ ಮಾತ್ರ. ನನ್ನ ಕಾಲನ್ನಂತೂ ಚೆನ್ನಾಗಿ ಬಲ್ಲವರು ಆಳಂದದ ಬಜಾರಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಮಹಬೂಬಸಾಬರು. ಎಪ್ಪತ್ತರ ದಶಕದಲ್ಲಿ, ನಾನು ಆ ಊರಿಗೆ ಮಾಸ್ತರನಾಗಿ ಬಂದ ಹೊಸದರಲ್ಲಿ, ಖಾಕಿ ಕಾಗದದ ಮೇಲೆ ನನ್ನ ಪಾದ ಇರಿಸಿ, ಸುತ್ತಲೂ ಪೆನ್ಸಿಲ್ ಎಳೆದು, ಹೆಸರು ಬರೆದು ಡಬ್ಬಿಯಲ್ಲಿಟ್ಟಿದ್ದರು. ಆಮೇಲೆ ಇಪ್ಪತ್ತು ವರ್ಷ ಅದನ್ನೇ ನೋಡಿ ಹೊಲಿದರು, ನಾನು ಮತ್ತೆ ಅಳತೆ ಕೊಡಲಿಲ್ಲ. ಸಂಜೆ ಅವರ ಅಂಗಡಿಯಲ್ಲಿ ಕೂತು, ಚಹಾ ಬಸಿತಟ್ಟೆಗೆ ಸುರುವಿಕೊಂಡು ಕುಡಿಯುತ್ತ ಹರಟಿದ್ದು ನೆನಪಾದರೆ ಈಗಲೂ ಹೊಸ ಚರ್ಮದ ವಾಸನೆ ಮೂಗಿಗೆ ಬರುತ್ತದೆ.

ಐವತ್ತರ ಹತ್ತಿರ ನನಗೆ ಬಿಪಿ ಬಂತು. ಮೊದಲಿನ ಗುಳಿಗೆಗೆ ಅದು ಜಗ್ಗದಿದ್ದಾಗ ಡಾಕ್ಟರು ಹೊಸದೊಂದನ್ನು ಬರೆದು, ಹದಿನೈದು ದಿನಕ್ಕೆ ಬಂದು ತೋರಿಸಲು ಹೇಳಿದರು. ಪರೀಕ್ಷೆಯ ಪೇಪರು ತಿದ್ದುವ ನೆಪದಲ್ಲಿ ನಾನು ಹೋಗಲಿಲ್ಲ. ತಿಂಗಳಾಗುವುದರೊಳಗೆ, ಸಾಬರು ಆಗಷ್ಟೇ ಹೊಲಿದುಕೊಟ್ಟಿದ್ದ ಎರಡೂ ಚಪ್ಪಲಿ ಕಚ್ಚತೊಡಗಿದವು. ನನ್ನ ಹೆಂಡತಿ ಶಾಂತಾ ನೋಡಿ, “ಕುರ್ಚಿ ಮ್ಯಾಲ ಕಾಲ ಇಳಿಬಿಟ್ಟು ಕುಂತು ಕುಂತು ಬಾತಾವ. ಬಿಸಿನೀರಾಗ ಉಪ್ಪ ಹಾಕಿ ಇಡ್ತೇನಿ, ಬರ್ರಿ” ಎಂದಳು. ನಾನು ಮಾತ್ರ ತಪ್ಪನ್ನೆಲ್ಲ ಚಪ್ಪಲಿಯ ಮೇಲೆ ಹೊರಿಸಿ ಅಂಗಡಿಗೆ ಜಗಳಕ್ಕೇ ಹೋದೆ.

“ಸಾಬರ, ಈ ಸಲ ನಿಮ್ಮ ಕೈ ತಪ್ಪ್ಯಾದ. ಜೋಡು ಬಿಗಿ ಆಗ್ಯಾವ.”

ಅವರು ಡಬ್ಬಿಯಿಂದ ಆ ಹಳೆಯ ಕಾಗದ ತೆಗೆದು ನೆಲಕ್ಕೆ ಹಾಸಿ, “ಇಡ್ರಿ ಪಾದ” ಎಂದರು. ಇಟ್ಟೆ. ಪೆನ್ಸಿಲಿನ ಗೆರೆಯೆಲ್ಲ ಪಾದದ ಅಡಿ ಮುಚ್ಚಿಹೋಯಿತು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಕುಳಿ ಬಿತ್ತು. ಬಿದ್ದದ್ದು ಹಾಗೇ ಉಳಿಯಿತು.

“ಮಾಸ್ತರ್, ಇದು ಚಪ್ಪಲ್ ಕಸೂರ್ ಅಲ್ರಿ. ಏನರ ಹೊಸಾದು ತಿನ್ನಾಕತ್ತೀರೇನು?”

“ಬಿಪಿ ಗುಳಿಗಿ ಬದ್ಲಿ ಮಾಡ್ಯಾರ. ಹಂಗಿದ್ರ ನಾಳಿಂದ ಬಂದ್ ಮಾಡ್ತೇನಿ ಬಿಡ್ರಿ.”

ಅವರ ಮುಖ ಬದಲಾಯಿತು. “ಅಷ್ಟ್ ಮಾತ್ರ ಮಾಡಬ್ಯಾಡ್ರಿ. ನಮ್ಮ ಅಣ್ಣ ಹಿಂಗೇ ಯಾರಿಗೂ ಕೇಳ್ದೆ ಗುಳಿಗಿ ಬಿಟ್ಟ. ಸ್ವಲ್ಪ ದಿನದಾಗ ಲಕ್ವಾ ಹೊಡ್ದು ಬಲಗೈ ಬಿದ್ದು ಹೋಯ್ತು. ಈ ಅಂಗಡಿ ಅವಂದೇ ಇತ್ರಿ.”

ಅವರು ಅಂಗಡಿಗೆ ಬೀಗ ಹಾಕಿ, ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ದವಾಖಾನೆಗೆ ತುಳಿದರು. ಡಾಕ್ಟರು ಎದೆ, ಮೂತ್ರ ಎಲ್ಲ ಪರೀಕ್ಷಿಸಿ, “ಗುಳಿಗಿದೇ ಬಾವು, ಕೆಲವರಿಗೆ ಆಗ್ತದ. ಬೇರೆ ಕೊಡ್ತೇನಿ, ತಪ್ಪಿಸಬ್ಯಾಡ್ರಿ. ಹದಿನೈದು ದಿನಕ್ಕ ಬರ್ರಿ ಅಂದಿದ್ದೆ, ಯಾಕ ಬರ್ಲಿಲ್ಲ?” ಎಂದರು. ದಿನವೂ ಮಕ್ಕಳಿಗೆ ಇಂಥದ್ದೇ ಪ್ರಶ್ನೆ ಕೇಳುತ್ತಿದ್ದ ನಾನು ಮಕ್ಕಳ ಹಾಗೇ, “ಪೇಪರ್ ತಿದ್ದೂದಿತ್ರಿ” ಎಂದೆ.

ಕೆಲವು ವಾರಗಳಲ್ಲಿ ಬಾವು ಇಳಿದು ಚಪ್ಪಲಿ ಸರಿಯಾಗಿ ಕೂತಿತು. ಸಾಬರ ಕ್ಷಮೆ ಕೇಳಬೇಕೆಂದೇ ಹೋದೆ. ಅದರ ಬದಲು “ಮನ್ಯಾಕಿಗೊಂದು ಜೋಡು ಮಾಡ್ಕೊಡ್ರಿ” ಎಂದುಬಿಟ್ಟೆ. ಮರುದಿನ ಶಾಂತಾಳನ್ನು ಅಳತೆಗೆ ಕರೆದೊಯ್ದೆ. ಅವಳು ಕಾಗದದ ಮೇಲೆ ಪಾದ ಇಟ್ಟು, “ಅಣ್ಣಾ, ಇವ್ರು ಇಷ್ಟ್ ವರ್ಷದಾಗ ನನಗೊಂದು ಚಪ್ಪಲ್ ಕೊಡಿಸಿದವ್ರಲ್ಲ. ಏನೋ ತಪ್ಪು ಮಾಡ್ಯಾರ. ನಿಮ್ಮ ಮುಂದರ ಒಪ್ಪ್ಯಾರೇನ್ರಿ?” ಎಂದು ಕೇಳಿದಳು.

ಸಾಬರು ತಲೆಯೆತ್ತದೆ ಪೆನ್ಸಿಲ್ ಎಳೆಯುತ್ತ ಹೇಳಿದರು: “ಈಗ ಒಪ್ಪಾಕತ್ತಾರ ಅಕ್ಕಾ. ಹಿಮ್ಮಡ ಅಲುಗಿಸಬ್ಯಾಡ್ರಿ.”

ನಾನು ಚಹಾ ಹೇಳಿಬರುತ್ತೇನೆಂದು ಎದ್ದು ಹೊರಬಿದ್ದೆ.