ಮೂರು ಅಂಗಡಿಗೆ ಒಂದೇ ಸೆಟ್ಟಿಂಗು

ಎಲ್ಲದಕ್ಕೂ ಮೂಲ ಯೋಗೀಶನ ಸೊಂಟನೋವು. ಜಿತೇಂದ್ರ ಶೆಟ್ಟರ ಮದುವೆ ಕಾಗದ ಅಚ್ಚುಹಾಕುವ ಅಂಗಡಿ ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ಕಡೆ ಇತ್ತು. ಎಲ್ಲಿ ಕಂಪ್ಯೂಟರು ಹಟ ಹಿಡಿದರೂ ಬಸ್ಸು ಹತ್ತಬೇಕಾದವನು ಇವನೊಬ್ಬನೇ. ಕುಲುಕಾಡಿ ಸಾಕಾಗಿ, ಪುಣ್ಯಾತ್ಮ, ಮೂರೂ ಕಂಪ್ಯೂಟರಿನ ಸೆಟ್ಟಿಂಗ್ ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಒಂದಕ್ಕೊಂದು ಗಂಟುಹಾಕಿಬಿಟ್ಟ. ಒಂದರಲ್ಲಿ ಬದಲಾಯಿಸಿದರೆ ಮೂರರಲ್ಲೂ ಬದಲು.

“ಇನ್ ಯಾರ್ ಎಲ್ಲಿ ಕೂಕಂಡ್ರೂ ಒಂದೇ ಶೆಟ್ರೆ” ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ.

“ಹೌದಾ? ಭಾರಿ ಒಳ್ಳೇದಾಯ್ತ್ ಮಾರಾಯ!” ಎಂದರು ಶೆಟ್ಟರು. ಆ ಖುಷಿಯಲ್ಲೇ ಸಂಜೆಗೆ ರಜೆಯನ್ನೂ ಕೊಟ್ಟರು.

ಕೊಲ್ಲೂರಿಗೆ ಹೋಗೋಣವೆಂದು ಹೆಂಡತಿ ಶರ್ಮಿಳಾಗೆ ಆಸೆ ತೋರಿಸಿ ಅವನು ಆಗಲೇ ಎರಡು ಸಲ ಕೈಕೊಟ್ಟಿದ್ದ. “ಈ ಸಲ ತಪ್ಸಿರೆ ನಾನ್ ಗುಲ್ವಾಡಿಗೆ ಅಮ್ಮನ ಮನೆಗೆ ಹೋತೆ. ನೀವ್ ಕಂಪ್ಯೂಟರ್ ಒಟ್ಟಿಗೇ ಸಂಸಾರ ಮಾಡಿ” ಎಂದು ಅವಳು ಹೇಳಿಯಾಗಿತ್ತು.

ಅಷ್ಟರಲ್ಲಿ ಬೈಂದೂರು ಅಂಗಡಿಯಲ್ಲಿ ಟೈಪ್ ಮಾಡುವ ಹರಿಣಾಕ್ಷಿಯ ಫೋನು. “ಹ್ವಾಯ್ ಯೋಗೀಶಣ್ಣ, ಎಂತ ಮಾಡಿದ್ರಿ? ಒಂದ್ ಅಕ್ಷರ ಒತ್ರೆ ಇನ್ನೊಂದ್ ಬತ್ತ್! ಮದುಮಗಳ ಹೆಸ್ರ್ ಓದುಕೇ ಆತಿಲ್ಲೆ!”

ಅಯ್ಯೋ! ಹರಿಣಾಕ್ಷಿ ಟೈಪಿಂಗ್ ಪರೀಕ್ಷೆ ಪಾಸಾದವಳು, ಹಳೆಯ ಕೀಲಿಮಣೆಯವಳು. ಕುಂದಾಪುರದ ವಿನಯಾ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವಳು. ಯೋಗೀಶ ಗಂಟುಹಾಕುವಾಗ ಇದನ್ನು ಮರೆತೇಬಿಟ್ಟಿದ್ದ.

ಬೈಂದೂರಿಗೆ ಹೋದರೆ ಹರಿಣಾಕ್ಷಿ ನಗುತ್ತಾ ಕೂತಿದ್ದಾಳೆ. “ಈಗ ಸಮ ಆಯ್ತ್, ನಾನೇ ಬದ್ಲ್ ಮಾಡ್ದೆ. ಚಾ ಕುಡಿತ್ರಿಯಾ?”

ಚಹಾ ಬರುವ ಮೊದಲೇ ಕುಂದಾಪುರದಿಂದ ಫೋನಿನಲ್ಲಿ ವಿನಯಾಳ ಬೊಬ್ಬೆ. ಕುಂದಾಪುರಕ್ಕೆ ಓಡಿದರೆ ಅವಳೂ ಸರಿಮಾಡಿಕೊಂಡು ನಗುತ್ತಿದ್ದಳು. ಬೈಂದೂರಿನಲ್ಲಿ ಮತ್ತೆ ಬೊಬ್ಬೆ. ಒಂದೇ ಚಾಪೆಯನ್ನು ಇಬ್ಬರು ಆ ತುದಿ ಈ ತುದಿಯಿಂದ ಎಳೆದ ಹಾಗಾಗಿತ್ತು.

ಕುಂದಾಪುರದಲ್ಲಿ ಗಂಟು ಬಿಚ್ಚಿ ಬ್ರಹ್ಮಾವರಕ್ಕೆ ಬಂದ. ಅಲ್ಲಿ ಟೈಪ್ ಮಾಡುವ ಸುಗುಣಕ್ಕ ಕಂಪ್ಯೂಟರಿನ ಮುಂದೆ ಊದುಬತ್ತಿ ಹಚ್ಚಿಟ್ಟು ದೂರ ನಿಂತಿದ್ದರು. “ಅಕ್ಷರ ತನ್ನಿಂತಾನೆ ತಿರ್ಗ್ತ್ ಮಾರಾಯ, ನಾನ್ ಕೈಯೇ ಹಾಕ್ಲಿಲ್ಲ!”

ಹೊಗೆಯಲ್ಲಿ ಕೆಮ್ಮುತ್ತಾ ಅಲ್ಲಿಯ ಗಂಟನ್ನೂ ಬಿಚ್ಚಿ, ಅವರ ಕನ್ನಡಕಕ್ಕೆ ಹೊಂದುವಂತೆ ಅಕ್ಷರ ದೊಡ್ಡದು ಮಾಡಿಕೊಟ್ಟ. ಬೈಂದೂರಿನದು ತಾನಾಗಿಯೇ ಒಂಟಿಯಾಯಿತು; ಹರಿಣಾಕ್ಷಿ ತನ್ನದನ್ನು ತಾನೇ ಸರಿಮಾಡಿಕೊಂಡಳು. ಇನ್ನು ಯಾರ ಸೆಟ್ಟಿಂಗೂ ಯಾರಿಗೂ ತಾಗುವಂತಿಲ್ಲ. ಅವರವರದು ಅವರವರಿಗೆ.

ಸಂಜೆ ಕುಂದಾಪುರದಲ್ಲಿ ಕೊಲ್ಲೂರು ಬಸ್ಸಿನಲ್ಲಿ ಶರ್ಮಿಳಾಳ ಪಕ್ಕ ಕೂತಾಗ ಅವನ ಸೊಂಟ ಸತ್ತೇಹೋಗಿತ್ತು. ಆದರೂ ಮನಸ್ಸು ತಂಪಾಗಿತ್ತು. ಆಗ ಶೆಟ್ಟರ ಫೋನು ಬಂತು.

“ಯೋಗೀಶ, ನೀ ಬೆಳಿಗ್ಗೆ ಹೇಳಿದ್ದೇ ಒಳ್ಳೇದಾಯ್ತ್. ಯಾರ್ ಎಲ್ಲಿ ಕೂಕಂಡ್ರೂ ಒಂದೇ ಅಂದ್ಯಲ್ಲ? ಮೂರೂ ಜನಕ್ಕೆ ಮನೆ ಹತ್ರ ಆಗ್ಲಿ ಅಂದ್ ಅಂಗಡಿ ಬದ್ಲ್ ಮಾಡ್ದೆ. ನಾಳೆ ಬೆಳಿಗ್ಗೆಯಿಂದ ವಿನಯಾ ಬೈಂದೂರಿಗೆ, ಹರಿಣಾಕ್ಷಿ ಬ್ರಹ್ಮಾವರಕ್ಕೆ, ಸುಗುಣ ಕುಂದಾಪ್ರಕ್ಕೆ. ಮದಿ ಕಾಗ್ದ ರಾಶಿ ಬಿದ್ದಿತ್ತ್, ಒಂದ್ ಗಳ್ಗೆ ಕೆಲ್ಸ ನಿಲ್ಲುಕೇ ಆಗ.”

ಅವರವರಿಗೆ ಹೊಂದಿಸಿಟ್ಟ ಮೂರು ಸೆಟ್ಟಿಂಗೂ ಬೆಳಗಾಗುವುದರೊಳಗೆ ಮತ್ತೆ ಅದಲುಬದಲಾಗಬೇಕು! ಯೋಗೀಶ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಶರ್ಮಿಳಾ ಚೀಲ ಎತ್ತಿಕೊಂಡು ಇಳಿದಳು.

“ಕೋಪ ಮಾಡ್ಕಣ್ಬೇಡ” ಎಂದ ಅವನು.

“ಕೋಪ ಎಂತಕೆ? ರಾತ್ರಿ ಊಟಕ್ಕೆ ಬತ್ತೆ ಅಂದ್ ಅಮ್ಮಂಗೆ ಬೆಳಿಗ್ಗೆಯೇ ಫೋನ್ ಮಾಡಿದ್ದೆ” ಎಂದು ಅವಳು ಗುಲ್ವಾಡಿ ಬಸ್ಸಿನ ಕಡೆ ನಡೆದಳು.

ಯೋಗೀಶ ಸೊಂಟ ಹಿಡಿದುಕೊಂಡು ಬೈಂದೂರು ಬಸ್ಸು ಹತ್ತಿದ. ಕೂರಲು ಜಾಗ ಇರಲಿಲ್ಲ.