ಗಡಿಗೆಯೊಳಗಿನ ಕಪ್ಪು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ಮಾತಾಡುವಾಗ ನಾನು ದನಿ ಕೇಳುತ್ತೇನೆ, ಮಾತು ಕೇಳುವುದಿಲ್ಲ. ಅವರ ಕೆಮ್ಮು, ಅವರು ಎಳೆಯುವ ಅಕ್ಷರ, ವಾಕ್ಯದ ನಡುವೆ ಮೂಗು ಉಜ್ಜಿಕೊಳ್ಳುವ ಜಾಗ, ಎಲ್ಲ ನನ್ನೊಳಗೆ ಅಚ್ಚುಕಟ್ಟಾಗಿ ಉಳಿಯುತ್ತವೆ. ಅವರು ಹೇಳಿದ್ದೇನು ಎಂಬುದು ಮಾತ್ರ ಉಳಿಯುವುದಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತದ ಮಾಸ್ತರರನ್ನು ನನ್ನಷ್ಟು ಚೆನ್ನಾಗಿ ಅಣಕಿಸುವವರು ನಮ್ಮ ಶಾಲೆಯಲ್ಲಿ ಇರಲಿಲ್ಲ. ಗಣಿತದಲ್ಲಿ ನನ್ನಷ್ಟು ಕಡಿಮೆ ಅಂಕ ತೆಗೆದವರೂ ಇರಲಿಲ್ಲ. ಇಂಥವನು ಬಟ್ಟೆಗೆ ಬಣ್ಣ ಹಾಕುವ ವಿದ್ಯೆಯನ್ನು ಕೇಳಿ ಕಲಿಯಲು ಹೊರಟರೆ ಏನಾಗುತ್ತದೆಯೋ ಅದೇ ಆಯಿತು. ನನಗೆ ಆಗಿದ್ದರೆ ಚಿಂತೆ ಇರಲಿಲ್ಲ, ದೇವದುರ್ಗದ ನಮ್ಮ ಚಿಗವ್ವನಿಗೆ ಆಯಿತು.

ನಾನು ರಾಯಚೂರಿನ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಮಾಸ್ತರ. ಚಿತ್ರಕಲೆ ಪೀರಿಯಡ್ ಎಂದರೆ ಉಳಿದ ಮಾಸ್ತರರು ತಮ್ಮ ಪಾಠ ಮುಗಿಸಿಕೊಳ್ಳಲು ಇಟ್ಟಿರುವ ಸಮಯ. ಹಾಗಾಗಿ ನನಗೆ ಬಿಡುವು ಧಾರಾಳ. ಕಳೆದ ಬೇಸಿಗೆಯಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕುವ ಮೂರು ದಿನದ ಶಿಬಿರ ನಡೆಯಿತು, ಹೋದೆ. ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ಕಣ್ಣು ಮುಚ್ಚಿಕೊಂಡು, ಕೈಯನ್ನು ಗಾಳಿಯಲ್ಲಿ ತೇಲಿಸುತ್ತ, "ನೀವು ಬಟ್ಟೆಯನ್ನು ಮುಟ್ಟಬೇಡಿ, ಬಟ್ಟೆ ನಿಮ್ಮನ್ನು ಮುಟ್ಟಲಿ" ಎನ್ನುತ್ತಿದ್ದರು. ಮೇ ತಿಂಗಳ ರಾಯಚೂರಿನಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ, ಅದು ಬಂದು ಮುಟ್ಟಲಿ ಎಂದು ಕಾಯುವ ಪ್ರಶ್ನೆಯೇ ಇಲ್ಲ. ಊಟದ ಬಿಡುವಿನಲ್ಲಿ ನಾನು ಮೇಡಂ ಅವರಂತೆ ಕೈ ತೇಲಿಸಿ ಎಲ್ಲರನ್ನೂ ನಗಿಸಿದೆ. ನಗು ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಮೇಡಂ. ಅವರು ಸಿಟ್ಟಾಗಲಿಲ್ಲ, "ಚೆನ್ನಾಗಿದೆ. ಇನ್ನು ಬಟ್ಟೆ ಮೇಲೂ ಏನಾದರೂ ಮಾಡಿ ತೋರಿಸಿ" ಎಂದರು. ತಿಂಗಳ ನಂತರ ಶಿಬಿರದವರದೇ ಪ್ರದರ್ಶನ ಇತ್ತು. ಉಳಿದವರು ಪಾಕೀಟಿನ ಬಣ್ಣ ಕೊಂಡರು. ನನಗೆ ರೋಷ ಬಂದಿತ್ತು. ಹಳೆಯ ಕಾಲದವರ ಹಾಗೆ ಕಬ್ಬಿಣದಿಂದಲೇ ಕಪ್ಪು ತೆಗೆಯುತ್ತೇನೆಂದು ಹೊರಟೆ.

ಆ ವಿದ್ಯೆ ಬಲ್ಲವರು ಮಾನ್ವಿಯಲ್ಲಿ ಒಬ್ಬರಿದ್ದರು, ಖಾಜಾ ಚಾಚಾ. ಒಂದು ಕಾಲಕ್ಕೆ ಬಟ್ಟೆಗೆ ಬಣ್ಣ ಹಾಕುತ್ತಿದ್ದವರು ಈಗ ಸಂತೆಯಲ್ಲಿ ನೈಟಿ ಮಾರುತ್ತಾರೆ. ಮುಂದಿನ ಎರಡು ಹಲ್ಲು ಇಲ್ಲದ ಕಾರಣ ಅವರ ಮಾತಿನಲ್ಲಿ ಸಣ್ಣದೊಂದು ಸಿಳ್ಳೆ ಸೇರಿಕೊಳ್ಳುತ್ತದೆ. "ಗಡಿಗ್ಯಾಗ ಜಂಗ್ ಹಿಡದ ಲೋಹಾ ಹಾಕು ಬೇಟಾ, ಬೆಲ್ಲ ಹಾಕು, ನೀರು ಹಾಕು, ಬಾಯಿ ಕಟ್ಟು. ಮೂರು ವಾರ ಭೂಲ್ ಜಾ, ಮರತುಬಿಡು" ಎಂದರು. ಇಷ್ಟು ಕೇಳಿದೆ. ಮುಂದೆ ಅವರು ಬಟ್ಟೆಯ ಬಗ್ಗೆ ಬಹಳ ಹೊತ್ತು ಏನೋ ಹೇಳಿದರು. ಅಷ್ಟರಲ್ಲಿ ನಾನು ಆ ಸಿಳ್ಳೆಯನ್ನು ಹಿಡಿಯಲು ನಾಲಗೆಯನ್ನು ಹಲ್ಲಿನ ಹಿಂದೆ ಎಲ್ಲಿಡಬೇಕೆಂದು ಪರೀಕ್ಷಿಸುತ್ತಿದ್ದೆ. ತಲೆ ಮಾತ್ರ ಆಡಿಸುತ್ತಿದ್ದೆ. ಗುರುವಿನ ಮುಂದೆ ತಲೆ ಆಡಿಸುವವನಿಗಿಂತ ಅಪಾಯಕಾರಿ ಶಿಷ್ಯ ಇನ್ನೊಬ್ಬನಿಲ್ಲ.

ಗಡಿಗೆ ಇಡಲು ರಾಯಚೂರಿನ ನನ್ನ ಬಾಡಿಗೆ ಕೋಣೆಯ ಮಾಲೀಕರು ಒಪ್ಪಲಿಲ್ಲ. ಅರಕೇರಾದ ಗ್ಯಾರೇಜೊಂದರಿಂದ ತುಕ್ಕು ಹಿಡಿದ ನಟ್ಟು, ಬೋಲ್ಟು, ಮೊಳೆ ಆರಿಸಿಕೊಂಡು, ರಜೆ ಕಳೆಯುವ ನೆಪದಲ್ಲಿ ದೇವದುರ್ಗಕ್ಕೆ ಹೋದೆ. ಅಲ್ಲಿ ನನ್ನ ಅವ್ವನ ತಂಗಿ ಶರಣವ್ವನ ಮನೆ. ಈ ಚಿಗವ್ವ ತಮ್ಮ ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ಓಣಿಯಲ್ಲಿ ಕಳ್ಳತನದಿಂದ ಸಾರಾಯಿ ಮಾರುತ್ತಿದ್ದ ಇಬ್ಬರನ್ನು ಓಡಿಸಿದವಳು. ಯಾರ ಮನೆಯಲ್ಲಿ ಸಾರಾಯಿ ಸಿಗುತ್ತದೆಯೋ ಆ ಮನೆಯ ಹೆಂಗಸು ಸಂಘದಲ್ಲಿ ಕೂಡುವಂತಿಲ್ಲ ಎಂಬ ನಿಯಮ ಮಾಡಿದವಳೂ ಅವಳೇ. ನಿಯಮಕ್ಕೆ ಮೊದಲು ಸಿಕ್ಕವನು ಅವಳ ಗಂಡ, ನಮ್ಮ ಕಾಕಾ. ಗೋಡೆಯ ಮೇಲಿನ ಬುದ್ಧನ ಫೋಟೊದ ಮುಂದೆ ಆಣೆ ಮಾಡಿ ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಅಂದಿನಿಂದ ಚಿಗವ್ವ ಪ್ರತಿ ಸಭೆಯಲ್ಲೂ ಅವನನ್ನು ಎದ್ದು ನಿಲ್ಲಿಸಿ, ಮಾದರಿ ಶೌಚಾಲಯ ತೋರಿಸಿದ ಹಾಗೆ, ಎಲ್ಲರಿಗೂ ತೋರಿಸುತ್ತಿದ್ದಳು. ಬಾಯಿ ಖಾಲಿ ಇದ್ದರೆ ಹಳೆಯದು ನೆನಪಾಗುತ್ತದೆಂದು ಕಾಕಾ ಹಗಲೆಲ್ಲ ಅಡಿಕೆ ಅಗಿಯುತ್ತಿದ್ದ.

ಬಚ್ಚಲಿನ ಹಿಂದೆ ಗಡಿಗೆ ಇಟ್ಟೆ. ಚಿಗವ್ವನಿಗೆ "ಬಣ್ಣ" ಎಂದಷ್ಟೇ ಹೇಳಿದೆ. ಒಂದು ವಾರಕ್ಕೆ ವಾಸನೆ ಗೋಡೆ ಹಾರಿತು, ಎರಡನೆಯ ವಾರಕ್ಕೆ ಓಣಿ ದಾಟಿತು. ಬೆಲ್ಲ ಹುಳಿಯಾದ ವಾಸನೆ. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಮೊದಲೆಲ್ಲ ನನ್ನನ್ನು "ಲೇ" ಎನ್ನುತ್ತಿದ್ದ ಓಣಿಯ ಗಂಡಸರು "ಸರ್" ಎನ್ನತೊಡಗಿದರು. ಒಬ್ಬರು ಸಂಜೆ ಹತ್ತಿರ ಬಂದು, ಆಚೀಚೆ ನೋಡಿ, "ಸರ್, ಏನೋ ಹೊಸಾದು ಮಾಡಾಕತ್ತೀರಂತಲ್ರಿ. ತಯಾರಾದ್ರ ನಮ್ಮನ್ನ ಮರೀಬ್ಯಾಡ್ರಿ" ಎಂದರು. ದೇವದುರ್ಗದಲ್ಲಿ ಕಲೆಗೆ ಇಷ್ಟು ಹಸಿವಿದೆಯೇ ಎಂದು ನನ್ನ ಎದೆ ತುಂಬಿ ಬಂತು. "ಇನ್ನೊಂದು ವಾರ ಬೇಕ್ರಿ. ಆದ ಮ್ಯಾಲ ಮೊದಲು ನಿಮಗೇ ತೋರಸ್ತೀನಿ" ಎಂದೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಒಂದು ಶನಿವಾರ ಹೊತ್ತು ಮುಳುಗುವಾಗ, ಗಡಿಗೆಯ ಪಕ್ಕ ನಿಂತು ರಾಯಚೂರಿನ ಗೆಳೆಯನಿಗೆ ಫೋನು ಮಾಡಿದ್ದೆ. ಕಾಕಾ ಕುಡಿಯುತ್ತಿದ್ದ ಕಾಲದಲ್ಲಿ ಮನೆಗೆ ಬಂದು ಬಾಗಿಲ ಹತ್ತಿರ ಮಾಡುತ್ತಿದ್ದ ಭಾಷಣವನ್ನು, ತೊದಲು, ಬಿಕ್ಕಳಿಕೆ ಸಮೇತ, ಅವನಿಗೆ ಮಾಡಿ ತೋರಿಸಿದೆ. ಗೆಳೆಯ ಬಿದ್ದು ಬಿದ್ದು ನಕ್ಕ. ಗೋಡೆಯಾಚೆ, ಪಕ್ಕದ ಮನೆಯ ಯಲ್ಲವ್ವ ನಗಲಿಲ್ಲ. ಯಲ್ಲವ್ವ ಸಂಘದ ಹಿರಿಯಳು, ಅಧ್ಯಕ್ಷೆಯ ಖುರ್ಚಿ ತನಗೆ ಬರಬೇಕಿತ್ತು ಎಂದು ಇಂದಿಗೂ ನಂಬಿರುವವಳು.

ಭಾನುವಾರ ಮಧ್ಯಾಹ್ನ ಸಂಘದ ಹೆಂಗಸರೆಲ್ಲ ಅಂಗಳದಲ್ಲಿ ನಿಂತಿದ್ದರು. ಯಲ್ಲವ್ವ ಮುಂದೆ.

"ಶರಣವ್ವ, ರೂಲು ನಿಂದೇ ಅದ. ನಿನ್ನ ಮನ್ಯಾಗ ಸರಾಯಿ ಕೊಳಿಯಾಕ ಇಟ್ಟೀರಿ ಅಂತ ಓಣೀನ ಮಾತಾಡತದ. ನಿನ್ನಿ ಸಂಜಿಮುಂದ ಈ ನಿಮ್ಮ ಹುಡುಗ ಕುಡದು ತೊದಲಾಕತ್ತಿದ್ದ, ನನ್ನ ಕಿವೀಲೇ ಕೇಳೀನಿ."

"ಅದು ನಾನಲ್ರಿ, ಕಾಕಾ" ಎಂದೆ.

"ಅಂದ್ರ ನಿಮ್ಮ ಕಾಕಾ ಮತ್ತ ಕುಡದಾನೇನು?"

ಚಿಗವ್ವ ನನ್ನ ಕಡೆ ನೋಡಿದ ನೋಟವನ್ನು ಅಣಕಿಸಲು ನನಗೆ ಈವರೆಗೂ ಸಾಧ್ಯವಾಗಿಲ್ಲ. ಹಾಗಲ್ಲ, ಕಾಕಾನ ಹಾಗೆ ನಾನು ಮಾಡಿ ತೋರಿಸಿದ್ದು ಎಂದು ವಿವರಿಸಿದೆ. ನಂಬಲಿ ಎಂದು ಅಲ್ಲಿಯೇ ಒಮ್ಮೆ ತೊದಲಿ, ಓಲಾಡಿ, ಬಿಕ್ಕಳಿಸಿದೆ. ಎಷ್ಟು ಚೆನ್ನಾಗಿ ಬಂತೆಂದರೆ ಇಬ್ಬರು ಹೆಂಗಸರು ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು.

"ಲೇ, ಸಾಕು ಮಾಡು" ಎಂದಳು ಚಿಗವ್ವ. "ಗಡಿಗ್ಯಾಗ ಏನದ, ಇವರಿಗೆ ತೋರಸು."

"ಬಣ್ಣ ಚಿಗವ್ವ. ಕರೀ ಬಣ್ಣ."

ಗಡಿಗೆಯ ಬಾಯಿ ಬಿಚ್ಚಿದೆ. ಮೇಲೆ ನೊರೆ, ಕೆಳಗೆ ಹಳೆ ಚಹಾದಂಥ ನೀರು. "ಇದು ಕರಿ?" ಎಂದಳು ಯಲ್ಲವ್ವ. ಬಟ್ಟೆಯ ಮೇಲೆ ಕರಿಯಾಗುತ್ತದೆ ಎಂದು, ನಾನೇ ಕೆತ್ತಿದ ನವಿಲಿನ ಅಚ್ಚನ್ನು ಅದರಲ್ಲಿ ಅದ್ದಿ ಬಿಳಿ ಬಟ್ಟೆಯ ಮೇಲೆ ಒತ್ತಿದೆ. ಮಾಸಲು ಕಲೆಯೊಂದು ಬಿತ್ತು. ಬಿಸಿಲಿಗೆ ಹಿಡಿದೆ. ಎಲ್ಲರೂ ಕಾದರು. ಒಣಗಿತು, ಕರಿಯಾಗಲಿಲ್ಲ. "ಕೋಳಿ ಬಂದದ, ಕರಿ ಬಂದಿಲ್ಲ" ಎಂದಳು ಹಿಂದಿದ್ದ ಒಬ್ಬಳು.

ಚಿಗವ್ವ ಒಳಗೆ ಹೋಗಿ, ಅಧ್ಯಕ್ಷೆಯ ಬಳಿ ಇರುವ ಸಂಘದ ಮೊಹರು, ಆ ಶಿಕ್ಕಾ ತಂದು ಯಲ್ಲವ್ವನ ಕೈಯಲ್ಲಿಟ್ಟಳು. ಎರಡು ವರ್ಷ ಓಣಿಯ ಗಂಡಸರ ಬೈಗುಳ ತಿಂದು ಗಳಿಸಿದ್ದನ್ನು ನನ್ನ ಒಂದು ಗಡಿಗೆಗೆ ಕಳೆದುಕೊಂಡಳು. ನನಗೆ ಮೊದಲ ಸಲ ಯಾರ ದನಿಯೂ ಬಾಯಿಗೆ ಬರಲಿಲ್ಲ, ನನ್ನದೂ ಸಹ.

"ಒಂದೇ ಮಾತು ಕೇಳ್ರಿ" ಎಂದಳು ಕೊನೆಗೆ ಚಿಗವ್ವ. "ಈ ಮನ್ಯಾಗ ಸರಾಯಿ ಬಂದಿಲ್ಲಂತ ನಮ್ಮ ಮನಿಯವರ ಬಾಯಿಂದನ ಕೇಳಿ ಹೋಗ್ರಿ." ಕಾಕಾನನ್ನು ಕೂಗಿದಳು. ಒಳಗಿನಿಂದ "ಹ್ಞೂಂ" ಎಂಬ ದನಿ ಬಂತು, ಮನುಷ್ಯ ಬರಲಿಲ್ಲ. ಮತ್ತೆ ಕೂಗಿದಳು. ಬಾಯಿಗೆ ಟವೆಲ್ಲು ಒತ್ತಿ ಹಿಡಿದು ಹೊರಗೆ ಬಂದ. ಹಲ್ಲುನೋವು ಎಂಬಂತೆ ಸನ್ನೆ ಮಾಡಿದ. ಚಿಗವ್ವ ಟವೆಲ್ಲು ಎಳೆದಳು.

ತುಟಿ, ಹಲ್ಲು, ನಾಲಗೆ, ಎಲ್ಲ ಕಾಡಿಗೆ ಬಳಿದ ಹಾಗೆ ಕಪ್ಪಾಗಿದ್ದವು. ನಾನು ಮೂರು ವಾರದಿಂದ ಕನಸು ಕಾಣುತ್ತಿದ್ದ, ಎಲ್ಲಿಯೂ ಮಾಸದ, ಅಪ್ಪಟ ಕಪ್ಪು. ಆಗ ನನ್ನ ತಲೆಯಲ್ಲಿ ಖಾಜಾ ಚಾಚಾ ಸಿಳ್ಳೆಯ ಸಮೇತ ಮಾತಾಡಿದರು: "ಪಹಿಲೇ ಬಟ್ಟಿಗೆ ವಗರು ಕುಡಸು ಬೇಟಾ. ಅಳಲೆಕಾಯಿ ಆಗಲಿ, ಅಡಿಕಿ ಆಗಲಿ. ವಗರು ಇಲ್ಲದಿದ್ರ ಲೋಹಾ ಕರಿ ಆಗಂಗಿಲ್ಲ." ನನ್ನ ಬಟ್ಟೆಗೆ ನಾನು ಒಗರು ಕುಡಿಸಿರಲಿಲ್ಲ. ಕಾಕಾನ ಬಾಯಿ ಎರಡು ವರ್ಷದಿಂದ ಅಡಿಕೆಯಲ್ಲಿ ನೆನೆದು ಸಿದ್ಧವಾಗಿತ್ತು.

"ಏನಿದು?" ಎಂದಳು ಚಿಗವ್ವ.

"ಹುಡುಗ ಖರೇನ ಬಣ್ಣ ಮಾಡ್ಯಾನೋ ಇಲ್ಲೋ ಅಂತ ಪರೀಕ್ಷಾ ಮಾಡಿ ನೋಡಿದೆ" ಎಂದ ಕಾಕಾ, ನೆಲ ನೋಡುತ್ತ. "ಒಂದೇ ಗುಟುಕು. ಅದನ್ನೂ ಉಗುಳೀನಿ."

"ಬಣ್ಣ ನೋಡಾಕ ಎಲ್ಲಾರಿಗೂ ಕಣ್ಣದಾವ" ಎಂದಳು ಯಲ್ಲವ್ವ. "ನೀ ಗಂಟಲಿಲೇ ನೋಡಾಕ ಹೋಗಿದ್ದೇನಪ್ಪಾ?"

ಹೆಂಗಸರು ನಕ್ಕರು. ಚಿಗವ್ವ ನಗಲಿಲ್ಲ. ಯಲ್ಲವ್ವ ಶಿಕ್ಕಾವನ್ನು ಕೈಯಲ್ಲಿ ತಿರುವಿ ನೋಡಿದಳು. ಅವಳು ಬಹಳ ದಿನ ಬಯಸಿದ ವಸ್ತು ಅದು. ಆಮೇಲೆ ಅದನ್ನು ಚಿಗವ್ವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ತಗೋ. ಸರಾಯಿ ಅಲ್ಲ ಅನ್ನಾದು ಖಾತ್ರಿ ಆತು. ಸರಾಯಿ ಆಗಿದ್ರ ನಿನ್ನ ಗಂಡ ಉಗುಳತಿದ್ದಿಲ್ಲ."

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಎಲ್ಲರೂ ಹೊರಡಲು ತಿರುಗಿದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆಯಲ್ಲಿ ಒಂದು ಪಾಲಾದರೂ ಉಳಿಯುತ್ತಿತ್ತು. ಆದರೆ ಕಲಾವಿದನಿಗೆ ಎರಡು ಒಳ್ಳೆಯ ಮಾತು ಬೇಕಲ್ಲ. ಆ ಮಾಸಲು ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, "ಯಲ್ಲವ್ವತ್ತಿ, ನಾ ಮಾಡಿದ್ದು ಬಣ್ಣಾನ ಅಂತ ಈಗರೆ ನಂಬಿದ್ರಿ. ಮುಂದಿನ ವಾರ ರಾಯಚೂರಾಗ ಪ್ರದರ್ಶನ ಅದ, ಎಲ್ಲಾರೂ ನೋಡಾಕ ಬರ್ರಿ" ಎಂದೆ.

ಯಲ್ಲವ್ವ ಬಟ್ಟೆ ನೋಡಿದಳು, ಕಾಕಾನ ಬಾಯಿ ನೋಡಿದಳು, ನನ್ನ ಮುಖ ನೋಡಿದಳು.

"ಮೂರು ವಾರ ಆದ್ರೂ ನಿನ್ನ ಬಟ್ಟಿಗೆ ಹತ್ತಲಾರದ್ದು ನಿಮ್ಮ ಕಾಕಾಗ ಒಂದು ಗುಟುಕಿಗೆ ಹತ್ತ್ಯದ. ಬಟ್ಟಿ ಮನ್ಯಾಗ ಬಿಡು ತಮ್ಮಾ, ಪ್ರದರ್ಶನಕ್ಕ ಅವನ್ನ ಕರಕೊಂಡು ಹೋಗು."