ಐದನೇ ನಿಮಿಷಕ್ಕೆ ನನ್ನನ್ನು ಇಳಿಸಿದ ಟ್ರೆಡ್‌ಮಿಲ್ ಅವರಿಗೆ

ಹೃದ್ರೋಗ ವಿಭಾಗದ ಮೂರನೇ ಕೊಠಡಿಯಲ್ಲಿ ಕಿಟಕಿಗೆ ಬೆನ್ನು ಹಾಕಿ ನಿಂತು, ಹದಿನಾಲ್ಕು ವರ್ಷಗಳಿಂದ ಊರವರ ಎದೆಯ ಗುಟ್ಟು ರಟ್ಟು ಮಾಡುತ್ತಿರುವ ತಮಗೆ, ಅದೇ ವಿಭಾಗದ ಮುಖ್ಯಸ್ಥೆ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಈಗ ಕ್ಷೇಮವೇ. ಆದರೆ ಆ ಕ್ಷೇಮಕ್ಕೆ ತಾವೇ ಕಾರಣರೆಂದು ವಿಭಾಗದವರೆಲ್ಲ ಆಡಿಕೊಳ್ಳುತ್ತಿರುವುದರಿಂದ ಈ ದೂರನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ.

ನಮ್ಮಿಬ್ಬರದು ಇಂದು ನಿನ್ನೆಯ ಪರಿಚಯವಲ್ಲ. ಎದೆಗೆ ಹತ್ತು ತಂತಿ ಅಂಟಿಸಿಕೊಂಡು ತಮ್ಮ ಮೇಲೆ ಏದುಸಿರು ಬಿಡುತ್ತಿದ್ದ ಸಾವಿರಾರು ಜನರ ಪಕ್ಕದಲ್ಲಿ ನಿಂತು, "ಇನ್ನು ಮೂರೇ ನಿಮಿಷ, ನಡೀರಿ" ಎಂದು ಹುರಿದುಂಬಿಸಿದವಳು ನಾನು. ವೇಗ ಹೆಚ್ಚಿಸಿ ಅವರ ಬಣ್ಣ ಬಯಲು ಮಾಡಿದವರು ತಾವು. ಹೀಗಿರುವಾಗ ಸಹೋದ್ಯೋಗಿಯೆಂಬ ದಾಕ್ಷಿಣ್ಯವಾದರೂ ಬೇಡವೇ?

ಎರಡು ತಿಂಗಳ ಹಿಂದೆ ನನ್ನ ಎಡ ದವಡೆ ನೋಯತೊಡಗಿತು. ಹೆಂಗಸರ ಹೃದಯದ ನೋವು ಎದೆಯಲ್ಲೇ ಬರಬೇಕೆಂದಿಲ್ಲ, ದವಡೆಯಲ್ಲೂ ಬರಬಹುದು ಎಂದು ಇಪ್ಪತ್ತೆರಡು ವರ್ಷಗಳಿಂದ ಪಾಠ ಹೇಳುತ್ತ, ಅದನ್ನು ಬರೆಯದ ವಿದ್ಯಾರ್ಥಿಗಳ ಅಂಕ ಕತ್ತರಿಸುತ್ತ ಬಂದವಳು ನಾನು. ಆದರೂ ಆ ಪಾಠ ಬೇರೆ ಹೆಂಗಸರ ದವಡೆಗೆ ಸಂಬಂಧಿಸಿದ್ದೆಂಬ ಅಚಲ ನಂಬಿಕೆಯಿಂದ ನೇರವಾಗಿ ಹಲ್ಲಿನ ವೈದ್ಯರ ಬಳಿಗೆ ಹೋದೆ. ಅವರು ಎಕ್ಸ್‌ರೇ ನೋಡಿ, "ಹಲ್ಲು ಚೆನ್ನಾಗೇ ಇದೆಯಲ್ಲ ಮೇಡಂ" ಎಂದರು. ನಾನು ಒಪ್ಪಲಿಲ್ಲ. ಮೂರನೇ ಭೇಟಿಯಲ್ಲಿ ಅವರು ಸೋತರು. ಯಾವ ಪಾಪವನ್ನೂ ಅರಿಯದ ಒಂದು ದವಡೆಹಲ್ಲು ಹೊರಗೆ ಬಂತು. ನೋವು ಮಾತ್ರ ಒಳಗೇ ಉಳಿಯಿತು.

ಇದನ್ನು ಪತ್ತೆ ಹಚ್ಚಿದವರು ತಮ್ಮ ಗುಂಡಿಗಳನ್ನು ಒತ್ತುವ ತಂತ್ರಜ್ಞೆ, ನಾವೆಲ್ಲ ಅಕ್ಕ ಎಂದೇ ಕರೆಯುವವರು. ಅವತ್ತು ಲಿಫ್ಟ್ ಕೆಟ್ಟಿತ್ತು. ಎರಡು ಮಹಡಿ ಹತ್ತಿ, ಕೆನ್ನೆಗೆ ಕೈಯಿಟ್ಟು ಗೋಡೆಗೆ ಒರಗಿದ್ದ ನನ್ನನ್ನು ನೋಡಿ ಅಕ್ಕ ಕೇಳಿದರು: "ಮೇಡಂ, ಮೆಟ್ಲು ಹತ್ತಿದಾಗ ಮಾತ್ರ ನೋಯೋ ಹಲ್ಲು ಯಾವ್ದು?"

ಹನ್ನೊಂದು ವರ್ಷ ವೈದ್ಯಶಾಸ್ತ್ರ ಓದಿದ ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುವಷ್ಟು ಉಸಿರಿರಲಿಲ್ಲ. ಹೊರಗೆ ನಲವತ್ತು ರೋಗಿಗಳು ಕಾದಿದ್ದಾರೆಂದು ತಪ್ಪಿಸಿಕೊಳ್ಳಲು ನೋಡಿದೆ. "ಕಾಯ್ಲಿ ಬಿಡಿ, ಅವ್ರಿಗೆ ಅಭ್ಯಾಸ ಇದೆ. ನೀವು ಶೂ ಹಾಕ್ಕೊಳ್ಳಿ" ಎಂದರು ಅಕ್ಕ.

ಮೊದಲ ಮೂರು ನಿಮಿಷ ತಾವು ಸಜ್ಜನರಂತೆಯೇ ನಡೆಸಿದಿರಿ. ಆಮೇಲೆ ಯಾರ ಅಪ್ಪಣೆ ಪಡೆದು ತಲೆಯೆತ್ತಿ ಏರುದಾರಿಯಾದಿರಿ? ಐದನೇ ನಿಮಿಷಕ್ಕೆ ದವಡೆ ಬಿಗಿಯಿತು, ಪರದೆಯ ಮೇಲಿನ ಇಸಿಜಿ ಗೆರೆ, ಹೃದಯಕ್ಕೆ ರಕ್ತ ಸಾಲುತ್ತಿಲ್ಲವೆಂದು ಸಾರುತ್ತ, ಕುಸಿಯಿತು. ಅಂಥ ಗೆರೆಯನ್ನು ಲೆಕ್ಕವಿಲ್ಲದಷ್ಟು ಸಲ ಓದಿದ್ದೇನೆ. ಅದರ ಮೇಲೆ ನನ್ನ ಹೆಸರಿದ್ದದ್ದು ಅದೇ ಮೊದಲು. ವಿಭಾಗದ ಮುಖ್ಯಸ್ಥೆಯ ಗೆರೆಯನ್ನು ತುಸು ನೆಟ್ಟಗೆ ತೋರಿಸಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಅಕ್ಕ ಗುಂಡಿ ಒತ್ತಿದರು. ತಾವು ನಿಂತಿರಿ. ಕಾಗದ ಮಾತ್ರ ಉದ್ದಕ್ಕೆ ಹೊರಬರುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ನಾನೇ ಆಂಜಿಯೋಗ್ರಾಂ ಮೇಜಿನ ಮೇಲಿದ್ದೆ. ಮಣಿಕಟ್ಟಿಗೆ ಸೂಜಿ ಹಿಡಿದು ನಿಂತವನು, ಕೈ ನಡುಗುತ್ತದೆಂದು ನಾನೇ ಒಂದು ಕಾಲದಲ್ಲಿ ಗದರಿದ್ದ ಶಿಷ್ಯ. "ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ" ಎಂದ. ಅದು ನನ್ನದೇ ಮಾತು. ಆ ಇರುವೆಯ ಗಾತ್ರದ ವಿಷಯದಲ್ಲಿ ನಾನು ಬಹಳ ಜನರ ಕ್ಷಮೆ ಕೇಳಬೇಕಿದೆ. ಮಲಗಿದಲ್ಲಿಂದಲೇ ಅವನಿಗೆ ಸೂಚನೆ ಕೊಡತೊಡಗಿದಾಗ, "ಮೇಡಂ, ಮೇಜಿನ ಮೇಲಿರೋರು ಸುಮ್ನಿರ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು" ಎಂದ. ಕೈ ಒಂಚೂರೂ ನಡುಗಲಿಲ್ಲ.

ಹೃದಯದ ಮುಂಭಾಗದ ದೊಡ್ಡ ರಕ್ತನಾಳ ನೂರಕ್ಕೆ ತೊಂಬತ್ತರಷ್ಟು ಮುಚ್ಚಿತ್ತು. ಸ್ಟೆಂಟ್ ಹಾಕುವ ಮುನ್ನ, ಗಣಿತದ ಮೇಷ್ಟ್ರಾದ ನನ್ನ ಗಂಡನನ್ನು ಒಳಗೆ ಕರೆಸಿದರು. ಅವರು ನನ್ನ ಪಾದ ಹಿಡಿದುಕೊಂಡು, "ತೊಂಬತ್ತು ಅಂದ್ರೆ ನಿಮ್ಮಲ್ಲಿ ಪಾಸೋ ಫೇಲೋ?" ಎಂದರು. ಅವರ ಕೈ ಮಂಜುಗಡ್ಡೆಯಂತಿತ್ತು. ನಗಲು ಹೋಗಿ ಅತ್ತುಬಿಟ್ಟೆ. "ಹೆದರಬೇಡಿ" ಎಂದು ಇಷ್ಟು ವರ್ಷ ಎಷ್ಟು ಸಲೀಸಾಗಿ ಹೇಳಿದ್ದೆನೆಂದು ಆಗ ಗೊತ್ತಾಯಿತು. ಮುಕ್ಕಾಲು ಗಂಟೆಯಲ್ಲಿ ನಾಳ ತೆರೆಯಿತು. ಮೂರು ವಾರದಲ್ಲಿ ನಾನು ಕೆಲಸಕ್ಕೆ ಮರಳಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಇನ್ನು ಮುಂದೆ ವೈದ್ಯರ ಹೃದಯದ ದೋಷಗಳನ್ನು ಹದಿನೈದು ದಿನ ಮುಂಚಿತವಾಗಿ, ಮೊಹರು ಮಾಡಿದ ಲಕೋಟೆಯಲ್ಲಿ, ಅವರೊಬ್ಬರಿಗೇ ತಿಳಿಸತಕ್ಕದ್ದು; ಅಕ್ಕನಿಗಂತೂ ಖಂಡಿತ ತಿಳಿಸಕೂಡದು. ಏಕೆಂದರೆ ಅವರೀಗ ದಿನಾ ಬೆಳಿಗ್ಗೆ ತುಂಬಿದ ಹೊರರೋಗಿ ವಿಭಾಗದ ಬಾಗಿಲಲ್ಲಿ ನಿಂತು, "ಮೇಡಂ, ಮಾತ್ರೆ ನುಂಗಿದ್ರಾ?" ಎಂದು ಕೂಗಿ ಕೇಳುತ್ತಾರೆ. ರೋಗಿಗಳೆಲ್ಲ ಅವರ ಪಕ್ಷ. ಮೊನ್ನೆ ಒಬ್ಬ ಅಜ್ಜಿ, ನಾನು ಮಾತ್ರೆ ನುಂಗಿ ನೀರು ಕುಡಿದು ಮುಗಿಸುವವರೆಗೆ ತನ್ನ ನಾಡಿ ಮುಟ್ಟಲು ಬಿಡಲಿಲ್ಲ.

ತಮ್ಮ ವಿಶ್ವಾಸಿ,
ಹೃದ್ರೋಗ ವಿಭಾಗದ ಮುಖ್ಯಸ್ಥೆ
(ಹಾಗೂ ಹೊರರೋಗಿ ಸಂಖ್ಯೆ ಇನ್ನೂರ ಹನ್ನೆರಡು)

ತಾ.ಕ.: ಮುಂದಿನ ತಿಂಗಳು ಹೊಸ ಯಂತ್ರ ಬರುತ್ತಿದೆ. ತಮ್ಮನ್ನು ವೈದ್ಯರ ವ್ಯಾಯಾಮ ಕೊಠಡಿಗೆ ವರ್ಗಾಯಿಸುವಂತೆ ನಾನೇ ಶಿಫಾರಸು ಮಾಡಿದ್ದೇನೆ. ಇಡೀ ಆಸ್ಪತ್ರೆಯಲ್ಲಿ ಅಷ್ಟು ಪ್ರಶಾಂತವಾದ ಜಾಗ ಇನ್ನೊಂದಿಲ್ಲ. ಉದ್ಘಾಟನೆಯ ದಿನ ಬಿಟ್ಟರೆ ಒಬ್ಬ ವೈದ್ಯರೂ ಅಲ್ಲಿ ಕಾಲಿಟ್ಟಿಲ್ಲ.